ಸೆಕ್ರೆಟರಿಯವರ ಕಂಪ್ಯೂಟರೂ ನನ್ನ ಚೆಸ್ ಕ್ಲಾಸೂ

ಚೆಸ್ ಅಂದರೆ ಬಾಯಿ ಮುಚ್ಚಿಕೊಂಡು ಕೂರುವ ಆಟ, ಅದರಲ್ಲಿ ನಗುವುದಕ್ಕೇನಿದೆ ಎಂದು ಕೇಳುವವರಿದ್ದಾರೆ. ಅಂಥವರು ಸೇಲಂನ ನಮ್ಮ ಕನ್ನಡದವರ ಸಂಘದ ಹಾಲಿಗೆ ಒಂದು ಭಾನುವಾರ ಬರಬೇಕು. ಒಂದಲ್ಲ ಒಂದು ನಡೆದೇ ಇರುತ್ತದೆ. ಅಲ್ಲಿ ಚೆಸ್ ಕ್ಲಾಸ್ ನಡೆಸುವವಳು ನಾನು. ಹುಟ್ಟಿದ್ದು ಅದಿಯಮಾನ್‌ಕೋಟೆಯಲ್ಲಿ, ಆಟ ಕಲಿತದ್ದು ಅಪ್ಪನಿಂದ, ಮದುವೆಯಾಗಿ ಬಂದದ್ದು ಸೇಲಂಗೆ. ನಾನು ಒಳ್ಳೆಯ ಟೀಚರ್. ಈ ಮಾತನ್ನು ಬೇರೆಯವರು ಹೇಳಲಿ ಎಂದು ಬಹಳ ದಿನ ಕಾದೆ. ಯಾರೂ ಹೇಳುವ ಲಕ್ಷಣ ಕಾಣಲಿಲ್ಲ, ಆದ್ದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ.

ನಮ್ಮ ಸಂಘದ ಸೆಕ್ರೆಟರಿ ಸರ್ವೇಯರ್ ಆಗಿದ್ದು ರಿಟೈರ್ ಆದವರು. ಮನುಷ್ಯ ಒಳ್ಳೆಯವರೇ. ಹೊಸ ಸಾಮಾನು ಕಂಡರೆ ಮಾತ್ರ ತಡೆದುಕೊಳ್ಳಲಾರರು. ಒಂದು ಭಾನುವಾರ ಹಾಲಿಗೆ ಬಂದು ನೋಡುತ್ತೇನೆ, ಗೋಡೆಗೆ ದೊಡ್ಡ ಟಿವಿ, ಅದರ ಕೆಳಗೆ ಹೊಸ ಕಂಪ್ಯೂಟರ್. ಪರದೆಯ ಮೇಲೆ, ಕ್ಯಾಮೆರಾ ಹಿಡಿದು ತೋರಿಸುವ ನಮ್ಮದೇ ಚೆಸ್ ಬೋರ್ಡು, ಪಕ್ಕದಲ್ಲಿ ಕಪ್ಪು ಬಿಳುಪಿನ ಒಂದು ಪಟ್ಟಿ, ಪಟ್ಟಿಯ ಮೇಲೆ ಒಂದು ನಂಬರು. ಬಿಳಿಯವರು ಮುಂದಿದ್ದರೆ ಪ್ಲಸ್, ಕಪ್ಪಿನವರು ಮುಂದಿದ್ದರೆ ಮೈನಸ್, ಇಬ್ಬರೂ ಸಮ ಇದ್ದರೆ ಸೊನ್ನೆ.

"ಟೀಚರ್, ಇದು ಸೆಕೆಂಡಿಗೆ ಲಕ್ಷ ಲಕ್ಷ ನಡೆ ನೋಡ್ತೈತೆ. ನೀವೆಷ್ಟು ನೋಡ್ತೀರ ಯೋಳಿ," ಅಂದರು.

"ಮೂರೋ ನಾಲ್ಕೋ ಸಾರ್. ಮಾರ್ಕೆಟ್‌ಗೆ ಓದ್ರೆ ಅಲ್ಲಿರೋ ಬದನೆಕಾಯೆಲ್ಲ ಮುಟ್ಟಿ ನೋಡ್ತಾರಾ ಯಾರಾದ್ರೂ?"

"ನನ್ ಎಂಡ್ತಿ ನೋಡ್ತಾಳೆ," ಅಂದರು ಸೆಕ್ರೆಟರಿ.

ಆಮೇಲೆ ವಿಷಯಕ್ಕೆ ಬಂದರು. ಒಂದು ತಿಂಗಳು ಟೀಚರೂ ಇರಲಿ, ಕಂಪ್ಯೂಟರೂ ಇರಲಿ. ತಿಂಗಳು ಮುಗಿದ ಮೇಲೆ ಟೀಚರ್ ಬೇಕೋ ಬೇಡವೋ ತೀರ್ಮಾನ ಮಾಡೋಣ ಅಂತ. ವಾರವೆಲ್ಲ ಮನೆ, ಅಡುಗೆ, ನೆಂಟರು. ಭಾನುವಾರದ ಆ ಕ್ಲಾಸ್ ಒಂದೇ ನನ್ನದು ಅಂತ ಇರುವುದು. ಅದನ್ನು ಒಂದು ಡಬ್ಬಿಗೆ ಬಿಟ್ಟುಕೊಟ್ಟು ಮನೆಗೆ ಹೋಗುವ ಹೆಂಗಸು ನಾನಲ್ಲ. "ಆಗ್ಲಿ ಸಾರ್, ನೋಡಣ," ಅಂದೆ.

೧. ಇಬ್ಬರಿಗೂ ಸೊನ್ನೆ

ಮೊದಲ ವಾರವೇ ಗಲಾಟೆ. ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿರುವ ಒಬ್ಬರು ಮಗಳನ್ನು ಕ್ಲಾಸಿಗೆ ಕಳಿಸುತ್ತಾರೆ. ಕರೆದುಕೊಂಡು ಹೋಗಲು ಬಂದವರು ಟಿವಿ ನೋಡಿದರು. ಅವರ ಮಗಳು ಬಿಳಿ ಕಾಯಿ ಆಡುತ್ತಿದ್ದಳು, ಎದುರಿಗೆ ಅವಳದೇ ವಯಸ್ಸಿನ ಹುಡುಗಿ. ಆಟ ಬಹಳ ಚೆನ್ನಾಗಿತ್ತು. ಪರದೆಯ ಮೇಲೆ ದೊಡ್ಡದಾಗಿ ಸೊನ್ನೆ.

"ಎನ್ನಮ್ಮಾ ಇದು? ಇಷ್ಟ್ ದಿನ ಕ್ಲಾಸಿಗೆ ಬಂದು ಸೊನ್ನೆ ತಗಂಡಿದೀಯಲ್ಲ," ಅಂತ ಅಪ್ಪ ಸಿಡುಕಿದರು.

ಮಗಳು ಬೋರ್ಡಿನಿಂದ ಕಣ್ಣು ತೆಗೆಯದೆ ಅವಳಿಗೂ ಅಷ್ಟೇ ಅಂತ ತಮಿಳಿನಲ್ಲಿ ಅಂದಳು, "ಅವಳುಕ್ಕುಂ ಅದೇ ದಾನ್ ಪ್ಪಾ."

ಅವರು ಎದುರಿನ ಹುಡುಗಿಯನ್ನೂ ಒಮ್ಮೆ ನೋಡಿ ನನ್ನ ಕಡೆ ತಿರುಗಿದರು. "ಒಬ್ಬಳಿಗೆ ಸೊನ್ನೆ ಬಂದ್ರೆ ಮಗೀನ್ ತಪ್ಪು. ಇಬ್ರಿಗೂ ಬಂದೈತೆ ಅಂದ್ರೆ ಟೀಚರ್ ತಪ್ಪು."

ಸೆಕ್ರೆಟರಿ ಪಕ್ಕದಲ್ಲೇ ನಿಂತಿದ್ದರು. ಈ ಮಾತು ಅವರ ಕಿವಿಗೆ ಬಿದ್ದದ್ದು ನನಗೆ ಒಳ್ಳೆಯದಲ್ಲ. ಕೂಡಲೇ ಅಪ್ಪನನ್ನು ಕೂರಿಸಿ ಹೇಳಿದೆ. "ಅಣ್ಣಾ, ನಿಮ್ಮಂಗಡೀಲಿ ತಕ್ಕಡಿ ಐತಲ್ಲ, ಎರಡು ತಟ್ಟೆ ಸಮ ನಿಂತ್ರೆ ಮುಳ್ಳು ಮಧ್ಯದಾಗೆ ಇರ್ತದಲ್ಲ, ಇದೂ ಅಂಗೇ. ಸೊನ್ನೆ ಅಂದ್ರೆ ಸಮ." ಅವರಿಗೆ ಅರ್ಥವಾಯಿತು. ಮುಖ ಅರಳಿತು. ನಾನು ಅಷ್ಟಕ್ಕೇ ಬಿಡಬೇಕಿತ್ತು, ಬಿಡಲಿಲ್ಲ. ಸೆಕ್ರೆಟರಿಗೂ ಕೇಳಿಸಲಿ ಎಂದು ಮುಂದುವರಿಸಿದೆ. "ಆದ್ರೆ ಅದು ಹೇಳೋ ಸಮ ಬೇರೆ, ನಮ್ ಸಮ ಬೇರೆ. ಈಗ ನಿಮ್ ಮಗಳು ಪ್ರತಿ ಸಲಾನೂ ಒಂದೇ ಒಂದು ಸರಿಯಾದ ನಡೆ ಹುಡುಕ್‌ಬೇಕು, ತಪ್ಪಿದ್ರೆ ಓಯ್ತು. ಎದುರಿನೋಳು ಕಣ್ಮುಚ್ಕಂಡು ಆಡಬೌದು. ಕಂಪ್ಯೂಟರ್‌ಗೆ ಎರಡೂ ಒಂದೇ. ಯಾರಿಗೆ ಬೆವರು ಬತ್ತೈತೆ ಅಂತ ಅದಕ್ಕೆ ಗೊತ್ತಾಗಲ್ಲ."

ನಾನು ಹೇಳಿ ಮುಗಿಸುವಷ್ಟರಲ್ಲಿ ಮಗಳು ತಪ್ಪು ನಡೆ ಇಟ್ಟಳು. ರಾಣಿ ಹೋಯಿತು. ಪರದೆಯಲ್ಲಿ ಸೊನ್ನೆ ಇದ್ದ ಜಾಗದಲ್ಲಿ ಮೈನಸ್ ಒಂಬತ್ತು ಬಂತು. ನಾನು ಹೇಳಿದ್ದೇ ಆಯಿತು ಎಂದು ಹೆಮ್ಮೆಯಿಂದ ಸೆಕ್ರೆಟರಿಯವರನ್ನು ನೋಡಿದೆ. ಅಪ್ಪ ಮಾತ್ರ ಟಿವಿಯನ್ನೇ ನೋಡುತ್ತಿದ್ದರು.

"ಸೊನ್ನೆಗಿಂತ ಕಮ್ಮಿ ಮಾರ್ಕ್ ಕೊಡೋ ಕ್ಲಾಸ್ ನಾನು ಎಲ್ಲೂ ಕಂಡಿಲ್ಲ," ಅಂದರು ನಿಧಾನವಾಗಿ. "ಟೀಚರ್, ಆ ಸೊನ್ನೆನೇ ವಾಪಸ್ ಕೊಟ್ಬಿಡಿ."

೨. ಘಾಟ್ ಮಧ್ಯೆ ಇಳಿದುಹೋದದ್ದು

ನನ್ನ ಶಿಷ್ಯರಲ್ಲಿ ಒಬ್ಬ ಲಾರಿ ಡ್ರೈವರ್. ಸೇಲಂನಿಂದ ಜವ್ವರಿಸಿ, ಅಂದರೆ ಸಾಬಕ್ಕಿ, ತುಂಬಿಕೊಂಡು ತೊಪ್ಪೂರ್ ಘಾಟ್ ದಾಟಿ ಬೆಂಗಳೂರಿಗೆ ಹೋಗಿಬರುವವನು. ಲೋಡ್ ಇಲ್ಲದ ಭಾನುವಾರ ಹಾಲಿಗೆ ಬಂದು ನನ್ನ ಜೊತೆ ಆಡುತ್ತಾನೆ, ಸೋಲುತ್ತಾನೆ, ಬೋಂಡ ತಿಂದು ಹೋಗುತ್ತಾನೆ.

ಆ ತಿಂಗಳು ಸೆಕ್ರೆಟರಿ ಹೊಸ ಪದ್ಧತಿ ತಂದಿದ್ದರು. ಕಲಿಯುವವರು ಬೇಕಾದಾಗ ಕಂಪ್ಯೂಟರನ್ನು ಕೇಳಬಹುದು, ಟೀಚರ್ ಕೇಳುವ ಹಾಗಿಲ್ಲ. ಆಟ ಬಿಗಿಯಾಗಿತ್ತು. ಡ್ರೈವರ್ ತಲೆ ಕೆರೆದುಕೊಂಡು ಟಿವಿ ಕಡೆ ನೋಡಿದ. ಕಂಪ್ಯೂಟರ್ ಹೇಳಿತು, ರಾಜನನ್ನು ಮನೆಯಿಂದ ಆಚೆ ತೆಗೆದು ಬೋರ್ಡಿನ ಮಧ್ಯಕ್ಕೆ ನಡೆಸು.

ಚೆಸ್ ಆಡದವರಿಗೆ ಹೇಳುತ್ತೇನೆ. ರಾಣಿಗಳೂ ಆನೆಗಳೂ ಇನ್ನೂ ಇರುವಾಗ ರಾಜ ಮೂಲೆಯಲ್ಲಿ ಸಿಪಾಯಿಗಳ ಹಿಂದೆ ಕೂತಿರಬೇಕು. ಅವನನ್ನು ಮಧ್ಯಕ್ಕೆ ತರುವುದು ಅಂದರೆ ತೊಟ್ಟಿಲ ಕೂಸನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟ ಹಾಗೆ. ನಾನು ನಕ್ಕೆ. ಆಮೇಲೆ ಬೋರ್ಡನ್ನು ಚೆನ್ನಾಗಿ ನೋಡಿದೆ, ನಗು ನಿಂತಿತು. ಕಂಪ್ಯೂಟರ್ ಹೇಳಿದ್ದು ಸರಿಯೇ. ರಾಜ ಒಂದೊಂದೇ ಮನೆ ತಪ್ಪಿಸಿಕೊಂಡು ಆ ಕಡೆ ದಾಟಿಬಿಟ್ಟರೆ ನಾನು ಕೆಟ್ಟೆ. ಆದರೆ ಪ್ರತಿ ಹೆಜ್ಜೆಯೂ ಕೂದಲೆಳೆಯಷ್ಟು ತಪ್ಪದೆ ಇಡಬೇಕು.

"ನೋಡಿದ್ರಾ ಟೀಚರ್? ನಿಮಗೆ ಒಳೀತಿತ್ತಾ ಇದು?" ಅಂತ ಸೆಕ್ರೆಟರಿ ಕೈ ಕಟ್ಟಿಕೊಂಡು ಕೇಳಿದರು.

"ಇಲ್ಲ ಸಾರ್. ಒಳೆದಿದ್ರೂ ನಾನು ಓಗ್ತಿರ್ಲಿಲ್ಲ," ಅಂದೆ.

ಡ್ರೈವರ್ ಧೈರ್ಯವಾಗಿ ರಾಜನನ್ನು ಮಧ್ಯಕ್ಕೆ ತಂದು ನಿಲ್ಲಿಸಿದ. ನಾನು ಒಂದು ಚೆಕ್ ಕೊಟ್ಟೆ. ಅವನು ಮುಂದಿನ ನಡೆಗೆ ಟಿವಿ ಕಡೆ ತಿರುಗುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಹಾಲಿನ ಇನ್ವರ್ಟರ್ ಫ್ಯಾನಿಗೂ ಲೈಟಿಗೂ ಮಾತ್ರ. ಗೋಡೆಯ ಮೇಲೆ ಟಿವಿ ಕಪ್ಪಗೆ ನಿಂತಿತು, ಬೋರ್ಡಿನ ನಡುವೆ ರಾಜ ಬೆಪ್ಪಾಗಿ ನಿಂತ.

ಡ್ರೈವರ್ ರಾಜನನ್ನು ಬಲಕ್ಕೆ ಸರಿಸಿದ. ಮತ್ತೆ ಚೆಕ್. ಎಡಕ್ಕೆ ಬಂದ. ಅಲ್ಲಿಗೇ ಮುಗಿಯಿತು.

ಅವನು ಕಪ್ಪಗಿದ್ದ ಟಿವಿ ಕಡೆ ಕೈ ತೋರಿಸಿ ಹೇಳಿದ, "ತೊಪ್ಪೂರ್ ಘಾಟ್ ಅರ್ಧಕ್ಕೆ ಕರ್ಕಬಂದು, ಬ್ರೇಕ್ ಯಾವ್ದು ಅಂತ ತೋರಿಸ್ದೆ ಇಳ್ದೋಯ್ತು ಸಾರ್ ಇದು."

ಸೆಕ್ರೆಟರಿ ಸೋಲೊಪ್ಪಲಿಲ್ಲ. "ಕರೆಂಟ್ ಬರ್ಲಿ ಇರಪ್ಪಾ. ಅದು ಎಲ್ಲಿಗೆ ಕರ್ಕಂಡೋಗ್ತಿತ್ತು ಅಂತ ನೋಡಿಬಿಡಣ."

"ನೋಡಿ ಆಮ್ಯಾಕೆ ಯೋಳಿ ಸಾರ್," ಅಂತ ಡ್ರೈವರ್ ಎದ್ದ. "ನಾನಂತೂ ಆಗ್ಲೇ ಕೆಳಕ್ಕೆ ಬಿದ್ದಾಗೈತೆ."

೩. ಸೋಡಾ ಮುಚ್ಚಳ

ಮೂರನೆಯ ವಾರ ಸಂಘದಿಂದ ಹೊಗೆನಕಲ್‌ಗೆ ಟೂರ್. ಹೋದ ದಿನವೇ ಹೊಳೆಯಲ್ಲಿ ನೀರು ಜಾಸ್ತಿ, ತೆಪ್ಪ ಬಿಡುವುದಿಲ್ಲ ಎಂದು ಪೊಲೀಸರು ನಿಲ್ಲಿಸಿದ್ದರು. ಸ್ನಾನವೂ ಇಲ್ಲ, ತೆಪ್ಪವೂ ಇಲ್ಲ, ಉಳಿದದ್ದು ಮೀನು. ನಮ್ಮವರೆಲ್ಲ ಮೀನು ಹುರಿದು ಕೊಡುವ ವರುವಲ್ ಅಂಗಡಿಯ ಮುಂದೆ ಸಾಲಾಗಿ ಕೂತರು. ಪಕ್ಕದಲ್ಲೇ ಕೆಲಸವಿಲ್ಲದ ಇಬ್ಬರು ತೆಪ್ಪದವರು ಮಗುಚಿ ಹಾಕಿದ ತೆಪ್ಪದ ಮೇಲೆ ಬೋರ್ಡ್ ಇಟ್ಟುಕೊಂಡು ಚೆಸ್ ಆಡುತ್ತಿದ್ದರು.

ಸೆಕ್ರೆಟರಿ ಮೀನಿನ ತಟ್ಟೆ ಕೆಳಗಿಟ್ಟರು. ಅವರ ಫೋನಿನಲ್ಲೂ ಅದೇ ಕಂಪ್ಯೂಟರಿನ ತಮ್ಮನೊಬ್ಬ ಇದ್ದ. ಬೋರ್ಡಿನ ಫೋಟೋ ತೆಗೆದರೆ ಸಾಕು, ಯಾರು ಗೆಲ್ಲುತ್ತಾರೆ ಅಂತ ಹೇಳುತ್ತದೆ. ಫೋಟೋ ತೆಗೆದರು, ಓದಿದರು, ನನಗೆ ಕೇಳುವ ಹಾಗೆ ಕಪ್ಪು ಕಾಯಿಯವನಿಗೆ ಹೇಳಿದರು. "ತಮ್ಮಾ, ನೀನು ಭಾರೀ ಮುಂದೆ ಇದೀಯ. ಮೈನಸ್ ಎಂಟು. ಭಯ ಬ್ಯಾಡ, ನುಗ್ಗು."

ಅವನು ಅನುಮಾನದಿಂದ ಬೋರ್ಡ್ ನೋಡಿದ, ಸೆಕ್ರೆಟರಿಯವರ ಇಸ್ತ್ರಿ ಶರ್ಟ್ ನೋಡಿದ, ಶರ್ಟನ್ನು ನಂಬಿದ. ಕಾವಲಿಗಿದ್ದ ಕುದುರೆಯನ್ನು ಎತ್ತಿಕೊಂಡು ನುಗ್ಗಿದ.

ಬಿಳಿಯವನು ಬೋರ್ಡಿನ ಮೂಲೆಯಲ್ಲಿದ್ದ ಒಂದು ಸೋಡಾ ಬಾಟಲಿಯ ಮುಚ್ಚಳವನ್ನು ತೆಗೆದು ಆ ಕಡೆಯಿಂದ ಈ ಕಡೆಗೆ ಓರೆಯಾಗಿ ಎಳೆದು ರಾಜನ ಪಕ್ಕದಲ್ಲಿ ಟಪ್ ಅಂತ ಇಟ್ಟ. "ಮುಡಿಂಜುದು," ಅಂದ. ಮುಗಿದೇ ಹೋಗಿತ್ತು.

"ಏಯ್, ಅದೇನಯ್ಯಾ ಅದು?" ಸೆಕ್ರೆಟರಿ ಕೇಳಿದರು.

"ರಾಣಿ ಸಾರ್. ನಿಜವಾದ ರಾಣಿ ಓದೊರ್ಸ ಒಳೇಲಿ ಬಿದ್ದೋಯ್ತು."

"ಮುಚ್ಚಳ ರಾಣಿ ಅಂತ ಯಾರ್ ಹೇಳಿದ್ದು?"

"ನಾನೂ ಇವ್ನೂ ಒಪ್ಕಂಡಿದೀವಿ. ಮೀನಂಗಡಿ ಅಕ್ಕನೂ ಒಪ್ಕಂಡೈತೆ. ನೋಡಕ್ ಬರೋರೆಲ್ಲ ಒಪ್ಕತ್ತಾರೆ."

ಸೆಕ್ರೆಟರಿ ಫೋನನ್ನು ಜೇಬಿಗೆ ಹಾಕಿಕೊಂಡರು. ಸೋತ ತೆಪ್ಪದವನು ಕಾಯಿಗಳನ್ನು ಮತ್ತೆ ಜೋಡಿಸುತ್ತಾ ಸಮಾಧಾನವಾಗಿ ಹೇಳಿದ, "ಪರವಾಇಲ್ಲ ಬಿಡಿ ಸಾರ್. ನಿಮ್ ಫೋನ್ ಊರಿಗೆ ಒಸದು. ಇನ್ನೊಂದ್ಕಿತ ಬಂದಾಗ ಅದ್ನೂ ಒಪ್ಸಣ."

೪. ಕಾಂಪೌಂಡ್

ತಿಂಗಳು ಮುಗಿಯಿತು. ಇಷ್ಟಾದರೂ ಸೆಕ್ರೆಟರಿಯವರ ನಂಬಿಕೆ ಅಲ್ಲಾಡಿರಲಿಲ್ಲ. ಕರೆಂಟ್ ಹೋದದ್ದು ಕರೆಂಟಿನ ತಪ್ಪು, ಮುಚ್ಚಳ ತೆಪ್ಪದವರ ತಪ್ಪು, ಕಂಪ್ಯೂಟರ್ ತಪ್ಪು ಏನೈತೆ ಅಂತ ಅವರ ವಾದ. ಅದೂ ಸರಿಯೇ. ಕಡೆಗೆ ಅವರೇ ಒಂದು ದಾರಿ ಹೇಳಿದರು. ಅವರು ಬಿಳಿ ಕಾಯಿ ಹಿಡಿದು ಕಂಪ್ಯೂಟರನ್ನು ಕೇಳಿಕೊಂಡು ಆಡುತ್ತಾರೆ. ನಾನು ಕಪ್ಪು, ನನಗೆ ನನ್ನ ಕಣ್ಣು ಮಾತ್ರ. ಅವರು ಗೆದ್ದರೆ ಭಾನುವಾರದ ಕ್ಲಾಸ್ ಕಂಪ್ಯೂಟರಿಗೆ. ನಾನು ಸೋಲದಿದ್ದರೆ ಸಾಕು, ಡ್ರಾ ಆದರೂ ಕ್ಲಾಸ್ ನನ್ನದೇ.

ಭಾನುವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಪಾತ್ರೆ ಅಂಗಡಿಯವರು, ಡ್ರೈವರ್, ಮಕ್ಕಳ ತಾಯಂದಿರು ಎಲ್ಲ ಬಂದಿದ್ದರು. ಸೆಕ್ರೆಟರಿಯವರ ಹೆಂಡತಿಯೂ ಬಂದರು, ಆದರೆ ಆಟ ನೋಡುವುದಕ್ಕಲ್ಲ. ಸಂಜೆ ಮೇಟೂರಿನಲ್ಲಿ ಅವರ ನೆಂಟರ ಮನೆಯ ನಿಶ್ಚಿತಾರ್ಥ, ಗಂಡನನ್ನು ಎಬ್ಬಿಸಿಕೊಂಡು ಹೋಗಬೇಕಿತ್ತು. ಗಂಡ ಏಳುವ ಹಾಗೆ ಕಾಣದ್ದರಿಂದ ಬುಟ್ಟಿಯಲ್ಲಿದ್ದ ಮಲ್ಲಿಗೆ ತೆಗೆದು ಒಂದು ಕುರ್ಚಿಯಲ್ಲಿ ಕೂತು ಕಟ್ಟತೊಡಗಿದರು.

ಕಂಪ್ಯೂಟರನ್ನು ಲೆಕ್ಕದಲ್ಲಿ ಸೋಲಿಸುತ್ತೇನೆ ಅನ್ನುವ ಹುಚ್ಚು ನನಗಿರಲಿಲ್ಲ. ನಾನು ಆಡಲು ಹೊರಟದ್ದು ಸೆಕ್ರೆಟರಿಯವರ ಕೈಯ ಜೊತೆ. ಜೀವಮಾನವೆಲ್ಲ ಹೊಲಗಳಿಗೆ ಗಡಿ ಕಲ್ಲು ನೆಡಿಸಿದ ಕೈ ಅದು. ಗಡಿ ತೆರೆದಿದ್ದರೆ ಅವರಿಗೆ ನೆಮ್ಮದಿಯಿಲ್ಲ. ಎರಡು ಸಿಪಾಯಿಗಳು ಎದುರಾಬದುರು ಬಂದು ಒಂದನ್ನೊಂದು ತಡೆದು ನಿಂತರೆ ಅವರ ಮುಖದಲ್ಲಿ ಒಂದು ಶಾಂತಿ ಬರುತ್ತದೆ. ಕಂಪ್ಯೂಟರ್ ಏನೇ ಹೇಳಲಿ, ಪಟ್ಟಿ ಬಿಳಿಯಾಗಿಯೇ ಇದ್ದರೆ ಅವರು ಗಡಿ ಮುಚ್ಚುವ ನಡೆಯನ್ನೇ ಆಡುತ್ತಾರೆ ಎಂದು ತಿಂಗಳೆಲ್ಲ ನೋಡಿ ತಿಳಿದಿದ್ದೆ.

ಹಾಗೇ ಆಯಿತು. ಎರಡೂ ಕಡೆಯ ರಾಣಿಗಳು, ಕುದುರೆಗಳು, ನನ್ನ ಒಂಟೆಗಳು, ಅವರ ಒಂದು ಒಂಟೆ ಬಿದ್ದುಹೋದವು. ಸಿಪಾಯಿಗಳು ಒಂದೊಂದು ಸಾಲಿನಲ್ಲೂ ಮೂಗಿಗೆ ಮೂಗು ಕೊಟ್ಟು ನಿಲ್ಲುತ್ತಾ ಬಂದವು. ನಡುವೆ ನನ್ನ ಒಂದು ಆನೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಹೋಯಿತು. ಎರಡನೆಯದನ್ನು ನಾನೇ ಬೇಕೆಂದು ಕೊಟ್ಟೆ. ಮೊದಲನೆಯದನ್ನೂ ಬೇಕೆಂದೇ ಕೊಟ್ಟೆ ಎಂದು ಈಗ ಎಲ್ಲರಿಗೂ ಹೇಳುತ್ತಿದ್ದೇನೆ. ಟಿವಿಯಲ್ಲಿ ಪಟ್ಟಿ ಸುಣ್ಣ ಬಳಿದ ಹಾಗೆ ಬಿಳಿಯಾಯಿತು, ಪ್ಲಸ್ ಹನ್ನೆರಡು. ಹಾಲಿನಲ್ಲಿ ಯಾರೋ ಲೊಚಗುಟ್ಟಿದರು. ಪಾತ್ರೆ ಅಂಗಡಿಯವರು ನನ್ನ ಮುಖ ನೋಡಲಾರದೆ ಸೀಲಿಂಗ್ ನೋಡಿದರು.

ಇನ್ನು ಒಂದೇ ಒಂದು ಕಿಂಡಿ ಉಳಿದಿತ್ತು. ಅಲ್ಲಿದ್ದ ಬಿಳಿ ಸಿಪಾಯಿ ಓರೆಯಾಗಿ ನನ್ನ ಸಿಪಾಯಿಯನ್ನು ಹೊಡೆದರೆ ಗೋಡೆ ಒಡೆಯುತ್ತದೆ, ಅವರ ಆನೆಗಳು ಒಳಗೆ ಬರುತ್ತವೆ, ನನ್ನ ಕ್ಲಾಸ್ ಅಲ್ಲಿಗೆ ಮುಗಿಯುತ್ತದೆ. ಕಂಪ್ಯೂಟರ್ ಅದನ್ನೇ ಹೇಳುತ್ತಿತ್ತು. ಹೊಡಿ, ಹೊಡಿ ಅಂತ ಬಾಣದ ಗುರುತು ಮಿನುಗುತ್ತಿತ್ತು. ಸೆಕ್ರೆಟರಿ ಬಾಣ ನೋಡಿದರು. ಆಮೇಲೆ ಬೋರ್ಡ್ ನೋಡಿದರು. ಎಲ್ಲ ಸಾಲೂ ನೀಟಾಗಿ ಮುಚ್ಚಿದೆ, ಒಂದು ಕಡೆ ಮಾತ್ರ ತೆರೆದಿದೆ. ಅವರಿಂದ ಆಗಲಿಲ್ಲ. ಸಿಪಾಯಿಯನ್ನು ನೇರಕ್ಕೆ ಒಂದು ಮನೆ ತಳ್ಳಿ ನನ್ನ ಸಿಪಾಯಿಯ ಎದುರಿಗೆ ನಿಲ್ಲಿಸಿದರು. ಕಿಂಡಿ ಮುಚ್ಚಿತು. ಹನ್ನೆರಡಿದ್ದದ್ದು ಹತ್ತಾಯಿತು.

"ಎರಡೇ ತಾನೆ ಕಮ್ಮಿಯಾಗಿದ್ದು. ಇನ್ನೂ ಹತ್ತು ಐತೆ," ಅಂದರು ತೃಪ್ತಿಯಿಂದ.

ನಾನು ನೀರು ಕುಡಿದೆ. ಎದ್ದು ಅವರ ಹೆಂಡತಿಯ ಹತ್ತಿರ ಹೋದೆ. "ಅಕ್ಕಾ, ನನ್ ಜಾಗದಲ್ಲಿ ಒಸಿ ಕೂತ್ಕತ್ತೀರಾ?"

"ಅವಳಿಗೆ ಆಟಾನೇ ಬರಲ್ಲ ಟೀಚರ್," ಅಂದರು ಸೆಕ್ರೆಟರಿ.

"ಬರ್ದೇ ಇದ್ರೂ ನಡೀತೈತೆ ಸಾರ್. ನಿಮ್ದು ಪ್ಲಸ್ ಹತ್ತು ಐತಲ್ಲ, ನಿಮಗೇನ್ ಭಯ?"

ಅಕ್ಕ ಹೂವಿನ ಬುಟ್ಟಿ ಸಮೇತ ಬಂದು ಕೂತರು. ನಾನು ಕಪ್ಪು ರಾಜನನ್ನು ತೋರಿಸಿ, ಇವನನ್ನು ಹಿಂದಕ್ಕೋ ಮುಂದಕ್ಕೋ ಪಕ್ಕಕ್ಕೋ ಒಂದು ಮನೆ ಇಡಿ, ಅಷ್ಟೇ ಕೆಲಸ ಅಂದೆ. ಅವರು ಬೋರ್ಡನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ನೋಡಿದರು. ನಾನು ಬೇರೇನೂ ಹೇಳಿರಲಿಲ್ಲ.

"ಇವ್ರು ಯಾವ್ ಕಡೆಯಿಂದ ಒಳೀಕೆ ಬತ್ತಾರೆ? ಬಾಗ್ಲೇ ಇಲ್ವಲ್ಲ," ಅಂದರು.

ವಿಷಯ ಅಷ್ಟೇ. ಎರಡು ಆನೆ, ಒಂದು ಒಂಟೆ ಇಟ್ಟುಕೊಂಡು ಬಿಳಿಯವರು ದೊಡ್ಡ ಸಾಹುಕಾರರು. ಆದರೆ ಆನೆ ನೇರ ಹೋಗಬೇಕು, ಪ್ರತಿ ಸಾಲಿನಲ್ಲೂ ಅವರದೇ ಸಿಪಾಯಿ ಅಡ್ಡ. ಉಳಿದ ಒಂಟೆ ಕಪ್ಪು ಮನೆಗಳಲ್ಲೇ ಓಡಾಡುವಂಥದ್ದು, ನನ್ನ ಸಿಪಾಯಿಗಳೆಲ್ಲ ಬಿಳಿ ಮನೆಗಳಲ್ಲಿ. ಒಂದನ್ನೂ ಮುಟ್ಟುವ ಹಾಗಿಲ್ಲ. ಹೂ ಕಟ್ಟುವ ಹೆಂಗಸು ಒಂದು ನೋಟದಲ್ಲಿ ಕಂಡದ್ದು ಕಂಪ್ಯೂಟರಿಗೆ ಕಾಣಲಿಲ್ಲ. ಅದು ಲಕ್ಷ ಲಕ್ಷ ನಡೆ ಎಣಿಸಿ ಎಣಿಸಿ, ಆನೆಗಳ ಬೆಲೆ ಕೂಡಿ, ಪ್ಲಸ್ ಹತ್ತು, ಪ್ಲಸ್ ಹತ್ತು ಅನ್ನುತ್ತಲೇ ಇತ್ತು.

ಸೆಕ್ರೆಟರಿ ಒಂದು ಆನೆಯನ್ನು ಎಡಕ್ಕೆ ತಂದರು. ಅಕ್ಕ ಎರಡು ಹೂ ಕಟ್ಟಿ ರಾಜನನ್ನು ಪಕ್ಕಕ್ಕಿಟ್ಟರು. ಆನೆ ಬಲಕ್ಕೆ ಹೋಯಿತು. ರಾಜ ವಾಪಸ್ ಬಂದ. ಒಂಟೆ ಗೋಡೆಯುದ್ದಕ್ಕೂ ಓಡಾಡಿ ಸುಸ್ತಾಯಿತು. ಅಕ್ಕನ ಫೋನಿಗೆ ಮೇಟೂರಿನಿಂದ ಕರೆ ಬಂತು. ಕುತ್ತಿಗೆಯಲ್ಲಿ ಫೋನ್ ಸಿಕ್ಕಿಸಿಕೊಂಡು, "ಒರಟ್ವಿ ಒರಟ್ವಿ, ಇವ್ರು ಗೆದ್ದಾಗೈತಂತೆ, ಒಸಿ ಒಳೀಕೆ ಬರಾದ್ ಬಾಕಿ ಐತೆ," ಅನ್ನುತ್ತಾ ರಾಜನನ್ನು ಸರಿಸಿದರು. ಹಾಲಿನಲ್ಲಿ ಮೊದಲು ನಕ್ಕದ್ದು ಡ್ರೈವರ್, ಆಮೇಲೆ ಯಾರು ಅಂತ ಹೇಳಲಾರೆ.

"ಸುಮ್ನಿರು, ದಾರಿ ಹುಡುಕ್ತಾ ಐತೆ ಅದು," ಅಂದರು ಸೆಕ್ರೆಟರಿ.

"ಊರೋರ್ ಹೊಲಕ್ಕೆಲ್ಲ ಗಡಿ ಹಾಕಿಸ್ದೋರು, ನಿಮ್ ಆನೆಗೆ ಒಂದ್ ಗೇಟ್ ಬಿಡಾದಲ್ವಾ," ಅಂದರು ಅಕ್ಕ.

ಕಾಯಿ ಹೊಡೆಯದೆ, ಸಿಪಾಯಿ ಕದಲದೆ ಇಬ್ಬರೂ ಐವತ್ತು ನಡೆ ಆಡಿದರೆ ಆಟ ಡ್ರಾ ಎನ್ನುವುದು ಚೆಸ್ಸಿನ ನಿಯಮ. ಬುಟ್ಟಿಯ ಹೂ ಮುಗಿಯುವುದಕ್ಕೂ ಆ ಐವತ್ತು ಮುಗಿಯುವುದಕ್ಕೂ ಸರಿಹೋಯಿತು. ನಾನು ಆಟ ನಿಲ್ಲಿಸಿದೆ. ಹಾಲಿನಲ್ಲಿ ಚಪ್ಪಾಳೆ ಬಿತ್ತು. ನನಗೆ ಕಣ್ಣು ತುಂಬಿ ಬಂತು, ಅದನ್ನು ಯಾರೂ ನೋಡದ ಹಾಗೆ ಕಾಯಿ ಆಯುವ ನೆಪದಲ್ಲಿ ಬಗ್ಗಿದೆ.

ಸೆಕ್ರೆಟರಿ ದೊಡ್ಡ ಮನುಷ್ಯರೇ. ಎದ್ದು ನಿಂತು ಎಲ್ಲರ ಮುಂದೆ ಹೇಳಿದರು, "ಕ್ಲಾಸ್ ಟೀಚರ್‌ದೇ. ಅದ್ರಾಗೆ ಇನ್ ಮಾತಿಲ್ಲ." ಆಮೇಲೆ ಇನ್ನೂ ಪ್ಲಸ್ ಹತ್ತು ತೋರಿಸುತ್ತಿದ್ದ ಟಿವಿಯನ್ನು ನೋಡಿ ನನ್ನನ್ನು ಕೇಳಿದರು, "ಇದ್ನ ಈಗ ಏನ್ ಮಾಡಣ ಟೀಚರ್?"

ನಾನು ಉತ್ತರ ಕೊಡುವ ಮೊದಲೇ ಅಕ್ಕ ಹೂವಿನ ದಿಂಡು ಸುತ್ತಿಕೊಂಡು ಎದ್ದರು.

"ಬರೋ ವಾರದಿಂದ ಇದ್ನ ಮುಂದಿನ್ ಸಾಲಲ್ಲಿ ಇವ್ರ ಪಕ್ಕಕ್ಕೇ ಕೂರಿಸ್ಕಳಿ ಟೀಚರಮ್ಮಾ," ಅಂದರು. "ಇಬ್ರಿಗೂ ಅ ಆ ಇ ಈ ಯಿಂದ ಹೇಳ್ಕೊಡಿ."